ಹಾರುವ ಮೊದಲು ಕಡತ

ಧಾರವಾಡದ ಅಕ್ಕನ ಮಗಳು ಪೈಲಟ್ ಆಗುತ್ತಾಳಂತೆ, ಸಂತೋಷ. ಆದರೆ ಅಮೆರಿಕದ ವೀಸಾ ಸಂದರ್ಶನ ಮುಂಬೈಯಲ್ಲಿ ಎಂಬ ಒಂದೇ ಕಾರಣಕ್ಕೆ ಡೊಂಬಿವಲಿಯ ನಮ್ಮ ಎರಡು ಕೋಣೆಯ ಮನೆ ಈಗ ಕಡತಗಳ ಗೋದಾಮಾಗಿದೆ.

ಅಮೆರಿಕದ ಹಾರಾಟ ಶಾಲೆಗಳಿಗೆ ಹೋಗುವವರಿಗೆ ಸಾಮಾನ್ಯವಾಗಿ ಎಂ-1, ಅಂದರೆ ವೃತ್ತಿ ತರಬೇತಿಯ ವಿದ್ಯಾರ್ಥಿ ವೀಸಾ. ಮೊದಲು ಶಾಲೆಯಿಂದ ಐ-20 ಎಂಬ ಪ್ರವೇಶ ಪತ್ರ ಬರಬೇಕು, ಸೆವಿಸ್ ಎಂಬ ವಿದ್ಯಾರ್ಥಿ ದಾಖಲೆಗೆ 350 ಡಾಲರ್ ಕಟ್ಟಬೇಕು, ವೀಸಾ ಶುಲ್ಕ ಬೇರೆ. ಬೆರಳಚ್ಚು ಒಂದು ಕಡೆ, ಸಂದರ್ಶನ ಇನ್ನೊಂದು ಕಡೆ. ವೀಸಾ ಸಿಕ್ಕಿದರೂ ವಿಮಾನ ಮುಟ್ಟುವಂತಿಲ್ಲ, ವಿದೇಶಿ ವಿದ್ಯಾರ್ಥಿಗಳ ಭದ್ರತಾ ತಪಾಸಣೆಗೆ ಮತ್ತೆ ಬೆರಳಚ್ಚು. 2001ರ ಸೆಪ್ಟೆಂಬರ್ 11ರ ದಾಳಿಯಲ್ಲಿ ವಿಮಾನ ನಡೆಸಿದವರು ಅಮೆರಿಕದಲ್ಲಿಯೇ ಹಾರಾಟ ಕಲಿತಿದ್ದರು, ಹಾಗಾಗಿ ತಪಾಸಣೆಯೇ ತಪ್ಪು ಎನ್ನಲಾರೆ. ಆದರೂ ಅದೇ ಹತ್ತು ಬೆರಳು ಎಷ್ಟು ಸಲ?

ನನ್ನ ಪಿತ್ತ ನೆತ್ತಿಗೇರುವುದು ಮಾತ್ರ ಬೇರೆ ವಿಷಯಕ್ಕೆ. ಕಲಿತು ಸ್ವದೇಶಕ್ಕೆ ಹಿಂದಿರುಗುತ್ತೇನೆ ಎಂದು ಅರ್ಜಿದಾರರೇ ಮನವರಿಕೆ ಮಾಡಿಕೊಡಬೇಕು. ಈಗಷ್ಟೇ ಪಿಯುಸಿ ಮುಗಿಸಿದ ಹುಡುಗಿ ಏನು ತೋರಿಸಬೇಕು? ಹೆಸರಿನಲ್ಲಿ ಹೊಲವಿಲ್ಲ, ನೌಕರಿಯಿಲ್ಲ. ಇರುವುದು ಅವಳ ಅಪ್ಪ ಮನೆ ಅಡವಿಟ್ಟು ತೆಗೆದ ಸಾಲ. “ಮಾಮಾ, ಸಾಲದ ಪತ್ರವನ್ನೇ ತೋರಿಸಲೇ?” ಎನ್ನುತ್ತಾಳೆ. ತೋರಿಸು ತಾಯಿ, ಊರಿನೊಂದಿಗೆ ಅದಕ್ಕಿಂತ ಗಟ್ಟಿ ನಂಟು ಯಾವುದಿದೆ!

ಹಿಂದಿರುಗಿದ ಮೇಲೂ ಅಲ್ಲಿನ ಪೈಲಟ್ ಲೈಸೆನ್ಸನ್ನು ನಮ್ಮ ವಿಮಾನಯಾನ ನಿಯಂತ್ರಕ ಡಿಜಿಸಿಎ ಹಾಗೆಯೇ ಒಪ್ಪುವುದಿಲ್ಲ. ಹವಾಮಾನ, ವಾಯುಯಾನ ನಿಯಮ, ನ್ಯಾವಿಗೇಷನ್ ಎಂದು ಇಲ್ಲಿನ ಪರೀಕ್ಷೆಗಳಿವೆ. ಅದು ಮುಂದಿನ ಮಾತು. ಇವತ್ತಿನ ತಲೆನೋವು ವೀಸಾ ಅರ್ಜಿಯ ಫೋಟೋ. ಮೊನ್ನೆ ತೆಗೆಸಿದ ಪಾಸ್‌ಪೋರ್ಟ್ ಅಳತೆಯದು ನಡೆಯುವುದಿಲ್ಲವಂತೆ, ಎರಡು ಇಂಚಿನ ಚೌಕವೇ ಬೇಕಂತೆ.