ದಿನಾ ಬೆಳಿಗ್ಗೆ ಎರಡು ಪಾಪ

ಬಾಲಿಯ ಅಮೆದ್‌ಗೆ ಬಂದಿಳಿದ ಅರ್ಧ ಗಂಟೆಯೊಳಗೆ ನಾನು ಒಬ್ಬ ಹೆಂಗಸಿನ ಹತ್ತಿರ ಎರಡು ಎಳೆಯ ತಲೆ ಕೇಳಿದೆ. ಆಕೆಯ ಕೈಯಲ್ಲಿ ಮಚ್ಚಿತ್ತು. ನನ್ನ ಮುಖ ನೋಡಿದಳು, ಮಚ್ಚು ನೋಡಿದಳು. ಆಮೇಲೆ ಅಲ್ಲೇ ನೆಲದ ಮೇಲೆ ಪ್ಲಾಸ್ಟಿಕ್ ಲಾರಿ ಓಡಿಸುತ್ತಿದ್ದ ತನ್ನ ಮಗನ ಕಡೆ ಬೆರಳು ಮಾಡಿ, ಇದು ಆಗುತ್ತದಾ ಅನ್ನುವ ಹಾಗೆ ಹುಬ್ಬು ಹಾರಿಸಿದಳು. ಅಂಗಡಿಯಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಹುಡುಗನೂ ನಕ್ಕ.

ಎಳನೀರಿಗೆ ಅಲ್ಲಿ ‘ಕೆಲಾಪಾ ಮುದಾ’ ಅನ್ನುತ್ತಾರೆ. ನಾನು ಅಂದದ್ದು ‘ಕೆಪಾಲಾ ಮುದಾ’. ಕೆಪಾಲಾ ಅಂದರೆ ತಲೆ. ನಮ್ಮ ಕಪಾಲವೇ ಸಮುದ್ರ ದಾಟಿ ಹಾಗಾಗಿದೆ.

ನನ್ನ ಕಷ್ಟಕ್ಕೆಲ್ಲ ಮೂಲ ಇದೇ. ವಿಮಾನದಲ್ಲಿ ಕೂತು ಇಂಡೋನೇಷ್ಯಾದ ಭಾಷೆಯ ಪಟ್ಟಿ ಓದಿದ್ದೆ. ಬೂಮಿ ಅಂದರೆ ಭೂಮಿ. ಗುರು ಅಂದರೆ ಗುರು. ಪುತ್ರ, ಪುತ್ರಿ ಹಾಗೇ ಇದ್ದಾರೆ. ಅರ್ಧ ಭಾಷೆ ಮನೆಯಲ್ಲೇ ಇದೆ, ಇನ್ನೇನು ಕಲಿಯೋದು ಅಂತ ಪುಸ್ತಕ ಮುಚ್ಚಿಟ್ಟು ನಿದ್ದೆ ಹೊಡೆದೆ. ಗಂಡನಿಗೆ ಅಲ್ಲಿ ‘ಸುವಾಮಿ’ ಅನ್ನುತ್ತಾರೆ, ಅದು ನಮ್ಮ ಸ್ವಾಮಿಯೇ ಅಂತ ಇವನಿಗೆ ಹೇಳಿದ್ದು ಮಾತ್ರ ದೊಡ್ಡ ತಪ್ಪು. ಮೂರು ದಿನ ಎದೆ ಮುಂದೆ ಮಾಡಿಕೊಂಡೇ ಓಡಾಡಿದ. ಹೆಂಡತಿಗೆ ಏನಂತಾರೆ ಅಂತ ಕೇಳಿದ. ‘ಇಸ್ತ್ರಿ’ ಅಂದೆ. ಅವನ ಸಂತೋಷ ನೋಡಬೇಕಿತ್ತು. ಅವನು ಸ್ವಾಮಿ, ನಾನು ಇಸ್ತ್ರಿ ಪೆಟ್ಟಿಗೆ. ‘ಸೆಂಗ್ಸಾರಾ’ ಅಂದರೆ ಪಡಬಾರದ ಪಾಡು, ಅದು ಬಂದದ್ದು ಸಂಸಾರದಿಂದ ಅಂತ ಆಮೇಲೆ ಗೊತ್ತಾಯಿತು. ಆ ಜನ ನಮ್ಮ ಪದಗಳನ್ನು ಅರ್ಥ ಮಾಡಿಕೊಂಡೇ ತಗೊಂಡಿದ್ದಾರೆ.

ಅಮೆದ್ ಇರೋದು ಬಾಲಿಯ ಈಶಾನ್ಯ ಮೂಲೆಯಲ್ಲಿ. ಜೆಮೆಲುಕ್, ಬುನುತಾನ್, ಲಿಪಾಹ್ ಅಂತ ಸಾಲಾಗಿ ಸಣ್ಣ ಸಣ್ಣ ಬೆಸ್ತರ ಊರುಗಳು. ಹಿಂದೆ ಗುಡ್ಡ, ಮುಂದೆ ಸಮುದ್ರ, ನಡುವೆ ಒಂದು ಡೊಂಕು ರಸ್ತೆ. ದಡದ ತುಂಬ ‘ಜುಕುಂಗ್’ ಅನ್ನುವ ದೋಣಿಗಳು. ಎರಡೂ ಕಡೆ ಬಿದಿರಿನ ತೋಳು, ಮೂತಿಯ ಮೇಲೆ ಬರೆದ ಕಣ್ಣು. ಬೆಳಿಗ್ಗೆ ನೋಡಿದರೆ ಹಡಗಿನ ಗಾತ್ರದ ನೀರುಜೇಡಗಳು ಕಣ್ಣು ಬಿಟ್ಟುಕೊಂಡು ಕೂತ ಹಾಗೆ. ಇದೆಲ್ಲದರ ಬೆನ್ನಿಗೆ ಆಗುಂಗ್. ಮೂರು ಸಾವಿರ ಮೀಟರ್ ಮೀರಿದ ಜ್ವಾಲಾಮುಖಿ. 1963ರಲ್ಲಿ ಸಿಡಿದಾಗ ಸಾವಿರಕ್ಕೂ ಜಾಸ್ತಿ ಜನ ಸತ್ತರು. 2017ರಲ್ಲಿ ಮತ್ತೆ ಎದ್ದು ಕೂತಾಗ ಲಕ್ಷಕ್ಕೂ ಹೆಚ್ಚು ಜನ ಮನೆ ಬಿಟ್ಟು ಹೋಗಬೇಕಾಯಿತು. ಹಾಗಾಗಿ ದಿನಾ ಎದ್ದ ತಕ್ಷಣ ನಾನು ದೇವರಿಗಿಂತ ಮೊದಲು ಬೆಟ್ಟ ನೋಡುತ್ತಿದ್ದೆ. ಎರಡನೇ ದಿನವೇ ಹೊಗೆ ಕಂಡಿತು. ಪಾಸ್‌ಪೋರ್ಟ್ ಚೀಲ ಎದೆಗವಚಿಕೊಂಡು ನೈಟಿಯಲ್ಲೇ ಅಂಗಳಕ್ಕೆ ಓಡಿದೆ. ಮನೆಯೊಡತಿ ಹಿತ್ತಿಲಲ್ಲಿ ತೆಂಗಿನ ಸಿಪ್ಪೆ ಹೊತ್ತಿಸಿ ಮೀನು ಸುಡುತ್ತಿದ್ದಳು. ನನ್ನ ಚೀಲ ನೋಡಿ, ಇಷ್ಟು ಬೇಗ ಹೊರಟಿರಾ ಅಂತ ಬೇಜಾರು ಮಾಡಿಕೊಂಡಳು.

ಆಗುಂಗ್ ನನಗೆ ಮಾಡಿದ ಅನ್ಯಾಯ ಒಂದೇ, ಮರಳು. ಜ್ವಾಲಾಮುಖಿಯ ಕಪ್ಪು ಮರಳು. ಮಧ್ಯಾಹ್ನ ಹನ್ನೆರಡಕ್ಕೆ ಚಪ್ಪಲಿ ದೋಣಿ ಹತ್ತಿರ ಬಿಟ್ಟು, ಸುಮ್ನೆ ನಾಲ್ಕು ಹೆಜ್ಜೆ ಅಲ್ವಾ ಅಂತ ನೀರಿನಿಂದ ಬರಿಗಾಲಲ್ಲಿ ಎದ್ದು ಬಂದೆ. ಜಾತ್ರೆಯಲ್ಲಿ ಕೆಂಡ ಹಾಯುವವರು ಕನಿಷ್ಠ ಉಪವಾಸ ಇದ್ದು ತಯಾರಾಗಿರುತ್ತಾರೆ.

ಉಪ್ಪಿನ ವಿಷಯಕ್ಕೆ ಬರುತ್ತೇನೆ. ಅಲ್ಲಿ ನನ್ನ ಮಾನ ಪೂರ್ತಿ ಹೋಯಿತು. ನಾನು ಕುಮಟೆಯವಳು. ಸಾಣಿಕಟ್ಟೆಯ ಉಪ್ಪಿನ ಆಗರ ನೋಡಿಕೊಂಡೇ ಬೆಳೆದವಳು. ಅಮೆದ್‌ನಲ್ಲೂ ಉಪ್ಪು ಮಾಡುತ್ತಾರೆ ಅಂತ ತಿಳಿದದ್ದೇ, ಇವನಿಗೆ ಪಾಠ ಮಾಡಿದೆ. ಭರತಕ್ಕೆ ನೀರು ಒಳಗೆ ಬಿಡಬೇಕು, ಕಟ್ಟೆ ಕಟ್ಟಿ ಒಣಗಿಸಬೇಕು, ಅಷ್ಟೇ.

ಅಷ್ಟೇ ಅಲ್ಲ. ಇವರು ಸಮುದ್ರದ ನೀರನ್ನು ಹೆಗಲ ಮೇಲೆ ಹೊತ್ತು ತಂದು, ಹದ ಮಾಡಿದ ಮಣ್ಣಿನ ಮೇಲೆ ಚಿಮುಕಿಸುತ್ತಾರೆ. ಒಣಗಿದ ಮೇಲೆ ಆ ಮಣ್ಣನ್ನು ಕೆರೆದು ದೊಡ್ಡ ಶಂಕುವಿನಂಥ ಬುಟ್ಟಿಗೆ ತುಂಬುತ್ತಾರೆ. ಅದರ ಮೇಲೆ ಮತ್ತೆ ಸಮುದ್ರದ ನೀರು ಸುರಿದರೆ, ಕೆಳಗೆ ಗಟ್ಟಿ ಉಪ್ಪುನೀರು ತೊಟ್ಟಿಕ್ಕುತ್ತದೆ. ಥೇಟ್ ನಮ್ಮ ಫಿಲ್ಟರ್ ಕಾಫಿ. ಆ ಡಿಕಾಕ್ಷನ್ನನ್ನು ತೆಂಗಿನ ಮರ ಉದ್ದಕ್ಕೆ ಸೀಳಿ ಕೊರೆದ ದೋಣಿಗಳಲ್ಲಿ ಬಿಸಿಲಿಗೆ ಇಡುತ್ತಾರೆ. ಕೆಲವು ದಿನಕ್ಕೆ ಅದರಲ್ಲಿ ಉಪ್ಪಿನ ಹರಳು ಏಳುತ್ತದೆ.

ಉಪ್ಪಿನ ಊರಿನವಳು ಅಂತ ನಾನು ಹೇಳಿಕೊಂಡಿದ್ದೆ. ಮುದುಕರೊಬ್ಬರು ಖುಷಿಯಿಂದ ಕಾವಡಿ ಕೊಟ್ಟರು. ಎರಡು ತುದಿಗೆ ಎರಡು ಕೊಡ. ಹೆಗಲಿಗಿಟ್ಟು ಎದ್ದೆ. ಮುಂದಿನ ಕೊಡ ಮುಂದಕ್ಕೆ ಹೋಯಿತು, ಹಿಂದಿನದು ಎಡಕ್ಕೆ ಹೋಯಿತು, ನಾನು ಎರಡರ ನಡುವೆ ಒಂದು ಸುತ್ತು ತಿರುಗಿದೆ. ಒಂದು ಕೊಡ ಸೀದಾ ಹೋಗಿ ಬಗ್ಗಿದ್ದು ತೆಂಗಿನ ದೋಣಿಗೆ. ಒಳಗೆ ಹರಳು ಎದ್ದು, ಮಂಜು ಬಿದ್ದ ಹಾಗೆ ಬೆಳ್ಳಗೆ ಹೊಳೆಯುತ್ತಿತ್ತು. ನನ್ನ ಕಣ್ಣೆದುರೇ ಕರಗಿತು. ಉಪ್ಪು ವಾಪಸ್ ಸಮುದ್ರ ಆಗೋದಕ್ಕೆ ಎಷ್ಟು ಹೊತ್ತು ಬೇಕು ಹೇಳಿ.

ಮುದುಕರು ಬಂದು ನೋಡಿದರು. ಬೆರಳು ಅದ್ದಿ ನಾಲಗೆಗಿಟ್ಟುಕೊಂಡರು. ‘ತಿದಾ ಅಪಾ-ಅಪಾ’ ಅಂದರು. ನನಗೆ ‘ಅಪ್ಪಾ, ಅಪ್ಪಾ’ ಅಂದ ಹಾಗೇ ಕೇಳಿಸಿತು. ಪರವಾಗಿಲ್ಲ ಅಂತ ಅರ್ಥವಂತೆ. ಕಾವಡಿ ಮಾತ್ರ ನನ್ನ ಕೈಗೆ ಸಿಗದ ಕಡೆ ಇಟ್ಟರು. ಆಮೇಲೆ ನಾನು ಎರಡು ಕಿಲೋ ಉಪ್ಪು ಕೊಂಡೆ. ಕುಮಟೆಗೆ ಉಪ್ಪು ಹೊತ್ತು ತಂದವಳು ನಾನೊಬ್ಬಳೇ ಇರಬೇಕು.

ಸ್ವಾಮಿಯ ಸರದಿ ಬಂದದ್ದು ತುಲಾಂಬೆನ್‌ನಲ್ಲಿ. ಅಮೆದ್‌ನಿಂದ ಸ್ಕೂಟರಿನಲ್ಲಿ ಹೋಗುವಷ್ಟು ಹತ್ತಿರ. ಅಲ್ಲಿ ‘ಲಿಬರ್ಟಿ’ ಅನ್ನುವ ಅಮೆರಿಕದ ಹಡಗು ಮುಳುಗಿದೆ. 1942ರಲ್ಲಿ ಜಪಾನಿನ ಜಲಾಂತರ್ಗಾಮಿ ಹೊಡೆದ ಮೇಲೆ ಎಳೆದು ತಂದು ದಡಕ್ಕೆ ಹತ್ತಿಸಿದ್ದರು. 1963ರಲ್ಲಿ ಆಗುಂಗ್ ಸಿಡಿದ ಗದ್ದಲಕ್ಕೆ ಜಾರಿ ನೀರಿಗೆ ಬಿತ್ತು. ಈಗ ಮೀನುಗಳ ವಠಾರ. ದಡದಿಂದಲೇ ಈಜಿ ಹೋಗಿ ನೋಡಬಹುದು, ಕನ್ನಡಕದಂಥ ಮುಖವಾಡ ಹಾಕಿಕೊಂಡರೆ ಸಾಕು. ಇವನ ಮೀಸೆಗೆ ಸಾಕಾಗಲಿಲ್ಲ. ಮೀಸೆ ಸಂದಿಯಿಂದ ನೀರು ನುಗ್ಗುತ್ತಿತ್ತು. ಬೋಳಿಸಿದರೆ ಸರಿಹೋಗುತ್ತೆ ಅಂದ ಬಾಡಿಗೆಯ ಹುಡುಗ. ಅವನ ಧೈರ್ಯ! ಕೊನೆಗೆ ಮೀಸೆಗೆ ವ್ಯಾಸಲೀನ್ ಮೆತ್ತಿದರು. ಬಣ್ಣದ ಮನೆಯಿಂದ ಎದ್ದು ಬಂದ ಯಕ್ಷಗಾನದ ವೇಷದ ಹಾಗೆ ಮಿರಮಿರ ಮಿಂಚುತ್ತಾ ಹೊರಟ.

ತುಲಾಂಬೆನ್ ದಡದಲ್ಲಿ ಮರಳಿಗಿಂತ ಕಲ್ಲೇ ಜಾಸ್ತಿ. ಕಪ್ಪು, ದುಂಡು, ಕಾಲಿಟ್ಟರೆ ಉರುಳುವ ಕಲ್ಲು. ಇವನ ಕೈಯಲ್ಲಿ ಇದ್ದದ್ದು ಬರೀ ಈಜೋದಕ್ಕೆ ಹಾಕಿಕೊಳ್ಳುವ ಎರಡು ರಬ್ಬರ್ ಕಾಲು. ಮೂರನೇ ಹೆಜ್ಜೆಗೆ ಕೂತ. ಎದ್ದ, ಮತ್ತೆ ಕೂತ. ಅಷ್ಟರಲ್ಲಿ ಪಕ್ಕದಿಂದ ಒಬ್ಬ ಹೆಂಗಸು ಹಾದುಹೋದಳು. ಆ ಊರಿನಲ್ಲಿ ಮುಳುಗುಗಾರರ ಗಾಳಿಯ ಸಿಲಿಂಡರ್ ಸಾಗಿಸುವುದು ಹೆಂಗಸರೇ. ಈಕೆಯ ತಲೆ ಮೇಲೆ ಎರಡಿದ್ದವು. ಕಾಲಲ್ಲಿ ಹವಾಯಿ ಚಪ್ಪಲಿ. ಒಂದು ಕೈಯಿಂದ ಸಿಲಿಂಡರ್ ಹಿಡಿದು, ಇನ್ನೊಂದು ಕೈಯನ್ನು ಇವನ ಕಡೆ ಚಾಚಿ ಎಬ್ಬಿಸಿ, ಹೆಜ್ಜೆ ತಪ್ಪದೆ ಮುಂದೆ ನಡೆದಳು. ಅವತ್ತಿನಿಂದ ‘ಸುವಾಮಿ’ ಅಂದರೆ ಇವನು ತಿರುಗಿ ನೋಡೋದು ಬಿಟ್ಟ.

ಇನ್ನು ಪಾಪದ ಕಥೆ. ನಾಲ್ಕು ದಿನ ಬೆಳಿಗ್ಗೆ ಬೆಳಿಗ್ಗೆ ಹುರಿದ ಅನ್ನ ತಿಂದು ನಮಗೆ ಊರಿನ ತಿಂಡಿ ನೆನಪಾಯಿತು. ಮನೆಯೊಡತಿಯನ್ನು ಎಲ್ಲರೂ ‘ಇಬು’ ಅನ್ನುತ್ತಿದ್ದರು, ಅಮ್ಮ ಅಂತ. ಆಕೆ ನಮ್ಮ ಕಡೆಯ ಹೆಂಗಸರ ಹಾಗೇ. ಎದುರು ಸಿಕ್ಕರೆ ಊಟ ಆಯ್ತಾ, ಎಲ್ಲಿಗೆ ಹೊರಟಿರಿ ಅಂತ ಕೇಳದೆ ಬಿಡುತ್ತಿರಲಿಲ್ಲ. ಮನೆಯಲ್ಲಿ ಬೆಳಿಗ್ಗೆ ಏನು ತಿನ್ನುತ್ತೀರಿ ಅಂದಳು. ನಾನು ಕಲಿತ ಭಾಷೆಯನ್ನೆಲ್ಲ ಒಟ್ಟು ಮಾಡಿ, ದಿನಾ ಬೆಳಿಗ್ಗೆ ದೋಸಾ ತಿನ್ನುತ್ತೇನೆ, ಗಂಡನೂ ತಿನ್ನುತ್ತಾನೆ, ಬಹಳ ರುಚಿ ಅಂದೆ. ಹೊರಗಿನವರ ಹತ್ತಿರ ದೋಸೆಯನ್ನು ದೋಸಾ ಮಾಡೋದು ನಮ್ಮ ಚಾಳಿ ಅಲ್ವಾ.

ಇಬು ಮುಖ ಸಪ್ಪಗಾಯಿತು. ದಿನಾನಾ ಅಂದಳು. ದಿನಾ ಅಂದೆ. ಒಬ್ಬರಿಗೆ ಎಷ್ಟು? ನನಗೆ ಎರಡು, ಇವನಿಗೆ ಆರು.

ಮರುದಿನ ನಮ್ಮ ಬಾಗಿಲಿನಲ್ಲಿ ಎಂದಿನ ಸಣ್ಣ ಎಲೆಬುಟ್ಟಿಯ ನೈವೇದ್ಯದ ಪಕ್ಕ ಇನ್ನೊಂದು ಇತ್ತು. ಹೂವೂ ಜಾಸ್ತಿ, ಊದುಬತ್ತಿಯೂ ಜಾಸ್ತಿ. ದೋಸಾ ಅಂದರೆ ಪಾಪ ಅಂತ ಆಕೆಯ ಮಗಳು ನನಗೆ ಬಿಡಿಸಿ ಹೇಳಿದ್ದು ಸಂಜೆಗೆ. ದೋಷ ಅಂತ ನನಗೆ ಆಗ ಹೊಳೆಯಿತು. ಗಡಬಡಿಸಿ ಫೋನಿನಲ್ಲಿ ದೋಸೆಯ ಫೋಟೋ ತೋರಿಸಿದೆ. ಇಬು ಹಿಗ್ಗಿಸಿ ನೋಡಿದಳು, ತೂತು ಎಣಿಸಿದಳು, ‘ಓ’ ಅಂದಳು.

ಹೊರಡುವ ದಿನ ಬೆಳಿಗ್ಗೆ ಹಿತ್ತಿಲಲ್ಲಿ ಮತ್ತೆ ಹೊಗೆ. ಈ ಸಲ ನಾನು ಓಡಲಿಲ್ಲ. ಗುಳಿಯಪ್ಪದ ಕಾವಲಿಯಂಥ ಮಣ್ಣಿನ ಕಾವಲಿಯಲ್ಲಿ ಇಬು ‘ಲಕ್ಲಕ್’ ಹೊಯ್ಯುತ್ತಿದ್ದಳು. ಅಕ್ಕಿ ಹಿಟ್ಟಿನ ಪುಟ್ಟ ದೋಸೆ, ಎಲೆ ರಸ ಹಾಕಿ ಹಸಿರಾದದ್ದು, ಮೇಲೆ ಕಾಯಿತುರಿ, ಕರಗಿಸಿದ ಬೆಲ್ಲ. ತಟ್ಟೆ ತುಂಬಿಸಿ ತಂದು ಇವನ ಮುಂದಿಟ್ಟು, ಗಟ್ಟಿಯಾಗಿ ‘ದೋಸಾ!’ ಅಂದಳು. ಪಕ್ಕದ ಮನೆಯವರೆಲ್ಲ ಬೇಲಿ ಹತ್ತಿರ ನಿಂತು ನೋಡುತ್ತಿದ್ದರು. ಆರು ಮುಗಿದ ಮೇಲೆ ಸೌಟು ಎತ್ತಿ ಕೇಳಿದಳು, ಇನ್ನೊಂದು ಪಾಪ ಹಾಕಲಾ?

ಸುವಾಮಿ ತಟ್ಟೆ ಮುಂದಕ್ಕೆ ಹಿಡಿದ.