ಕುರಿಯನ್ನು ಕೇಳಿಯೇ ಮಸಾಲೆ

ಕುರಿಯನ್ನು ಕೇಳಿ ಮಸಾಲೆ ಅರೆಯುತ್ತಾರಾ ಅಂತ ನಮ್ಮ ಹಿರಿಯರು ಕೇಳುತ್ತಿದ್ದರು. ಪಾಪ, ಅವರಿಗೆ ಭಾರತ ಸರ್ಕಾರದ ಅಧಿಸೂಚನೆಗಳ ಪರಿಚಯ ಇರಲಿಲ್ಲ. 1997ರ ಏಪ್ರಿಲ್‌ನಿಂದ ಈ ದೇಶದಲ್ಲಿ ಕುರಿಯನ್ನು ಕೇಳುವುದು ಕಡ್ಡಾಯ. ಅದೂ ಸುಮ್ನೆ ಕೇಳಿದರೆ ಆಗುವುದಿಲ್ಲ. ಪೇಪರಿನಲ್ಲಿ ಪ್ರಕಟಣೆ ಕೊಡಬೇಕು, ಶಾಮಿಯಾನ ಹಾಕಬೇಕು, ಮೈಕ್ ಕೊಡಬೇಕು, ಕುರಿ ಹೇಳಿದ್ದನ್ನೆಲ್ಲ ವಿಡಿಯೊ ಮಾಡಿಕೊಳ್ಳಬೇಕು. ದೊಡ್ಡ ಯೋಜನೆಗೆ ಪರಿಸರ ಅನುಮತಿ ಕೊಡುವ ಮುಂಚೆ ಸ್ಥಳೀಯರ ಅಭಿಪ್ರಾಯ ಕೇಳುವ ಇದಕ್ಕೆ ಪರಿಸರ ಸಾರ್ವಜನಿಕ ಅಹವಾಲು ಸಭೆ ಅಂತ ಹೆಸರು. ಸಭೆಗೆ ಮುಂಚೆ ಮಸಾಲೆ ಅರೆದಿಟ್ಟುಕೊಂಡಿರಬಾರದು ಅಂತ ಮಾತ್ರ ಯಾರೂ ಎಲ್ಲೂ ಬರೆದಿಲ್ಲ.

ನಾನು ಈ ಸಭೆಗಳ ಅಭಿಮಾನಿ. ಇದಕ್ಕೆ ಈಗ ಆಧಾರವಾಗಿರುವ 2006ರ ಸೆಪ್ಟೆಂಬರ್ 14ರ ಅಧಿಸೂಚನೆಯನ್ನು ಆಗಾಗ ತೆಗೆದು ಓದುತ್ತೇನೆ. ಅದರಲ್ಲಿ ನನಗೆ ತುಂಬಾ ಇಷ್ಟವಾದ ಸಾಲು ಒಂದಿದೆ. ಸಭೆ ಶುರು ಮಾಡಲು ಕೋರಂ ಬೇಕಿಲ್ಲ ಅನ್ನುವ ಸಾಲು. ನಿಮ್ಮ ಅಪಾರ್ಟ್‌ಮೆಂಟಿನ ಲಿಫ್ಟ್ ರಿಪೇರಿ ಮಾಡಿಸುವ ಸಭೆಗೆ ಕೋರಂ ಬೇಕು. ಹಾಲಿನ ಸೊಸೈಟಿಯ ವಾರ್ಷಿಕ ಸಭೆಗೆ ಬೇಕು. ಗ್ರಾಮಸಭೆಗೂ ಬೇಕು, ಜನ ಸಾಲದಿದ್ದರೆ ಮುಂದಕ್ಕೆ ಹಾಕುತ್ತಾರೆ. ಒಂದು ಇಡೀ ಕಣಿವೆಯನ್ನು ಅಗೆಯುವ ಯೋಜನೆಯ ಸಭೆಗೆ ಮಾತ್ರ ಬೇಡ. ಜಿಲ್ಲಾಧಿಕಾರಿಗಳು ಬಂದರೆ ಸಾಕು, ಅವರು ಬರಲಾಗದಿದ್ದರೆ ಅಪರ ಜಿಲ್ಲಾಧಿಕಾರಿಗಳು ಬಂದರೂ ನಡೆಯುತ್ತದೆ. ಮಾಲಿನ್ಯ ನಿಯಂತ್ರಣ ಮಂಡಳಿಯವರು ಪಕ್ಕದಲ್ಲಿ ಕೂರುತ್ತಾರೆ. ಜನ ಇಲ್ಲದಿದ್ದರೂ ಸಾರ್ವಜನಿಕ ಸಭೆ ಆಗುತ್ತದೆ. ಇನ್ನೂ ಹೇಳಬೇಕೆಂದರೆ, ಜನ ಇಲ್ಲದಿದ್ದರೆ ಚೆನ್ನಾಗಿಯೇ ಆಗುತ್ತದೆ.

ಜನರಿಗೆ ಮೊದಲೇ ತಿಳಿಸುವುದಿಲ್ಲ ಅನ್ನುವುದು ಶುದ್ಧ ಅಪಪ್ರಚಾರ. 30 ದಿನ ಮುಂಚೆ ಎರಡು ಪತ್ರಿಕೆಗಳಲ್ಲಿ ಪ್ರಕಟಣೆ ಬರುತ್ತದೆ. ಭೂತಗನ್ನಡಿ ಹಿಡಿದು ಓದಿದರೆ ಎಲ್ಲ ವಿವರವೂ ಇರುತ್ತದೆ. ಪರಿಸರ ಪರಿಣಾಮದ ಕರಡು ವರದಿ ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯಿತಿ, ಜಿಲ್ಲಾ ಕೈಗಾರಿಕಾ ಕೇಂದ್ರ, ಹೀಗೆ ನಾಲ್ಕಾರು ಕಡೆ ಇಟ್ಟಿರುತ್ತಾರೆ. ನಿಮ್ಮೂರಿಂದ ಬೆಳಗಿನ ಬಸ್ಸು ಹತ್ತಿ ಜಿಲ್ಲಾ ಕೇಂದ್ರಕ್ಕೆ ಹೋದರೆ, ಗುಮಾಸ್ತರು ಊಟಕ್ಕೆ ಹೋಗುವ ಮೊದಲು ಅಲ್ಮೇರಾದ ಕೀಲಿ ಹುಡುಕಿ ಕೊಡುತ್ತಾರೆ. ವರದಿ ನೂರಾರು ಪುಟ, ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಸಾರಾಂಶ ಇರುತ್ತದೆ. ನಿಮ್ಮ ತೋಟ ಹೋಗುತ್ತದೋ ಇಲ್ಲವೋ ಅನ್ನುವುದು ನೂರಾರು ಪುಟಗಳಲ್ಲಿ ಎಲ್ಲೋ ಇದೆ. ಯೋಜನೆಯಿಂದ ದೇಶಕ್ಕಾಗುವ ಲಾಭ ಸಾರಾಂಶದಲ್ಲಿದೆ. ಯಾರಿಗೆ ಏನು ಬೇಕೋ ಅದು.

ಸಭೆಯ ದಿನವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಯಾವ ಊರು ಅಂತ ಕೇಳಬೇಡಿ. ಯಾವ ಊರಾದರೂ ಶಾಮಿಯಾನ ಒಂದೇ.

ಮುಂದಿನ ಸಾಲಿನ ಕುರ್ಚಿಗಳಿಗೆ ಬಿಳಿ ಟರ್ಕಿ ಟವೆಲ್ ಹೊದಿಸಿರುತ್ತಾರೆ. ಅವು ಅಧಿಕಾರಿಗಳಿಗೆ. ಹಿಂದೆ ಪ್ಲಾಸ್ಟಿಕ್ ಕುರ್ಚಿಗಳು. ಎಂಟು ಗಂಟೆಗೇ ಎರಡು ಬಸ್ಸಿನಲ್ಲಿ ಬಂದವರು ಆ ಕುರ್ಚಿಗಳಲ್ಲಿ ಕೂತು ಉಪ್ಪಿಟ್ಟು, ಕೇಸರಿಬಾತ್ ಮುಗಿಸಿರುತ್ತಾರೆ. ಊರಿನವರು ದನ ಬಿಟ್ಟು, ಹಾಲು ಹಾಕಿ ಬರುವಷ್ಟರಲ್ಲಿ ಜಾಗ ಇರುವುದಿಲ್ಲ, ಬಿಸಿಲಲ್ಲಿ ನಿಲ್ಲುತ್ತಾರೆ. ಸುತ್ತ ಪೊಲೀಸರು. ಅಭಿಪ್ರಾಯ ಕೇಳಲು ಇಷ್ಟೊಂದು ಲಾಠಿ ಯಾಕೆ ಬೇಕು ಅಂತ ನೀವು ಕೇಳಬಹುದು. ಹಾಗೆಲ್ಲ ಕೇಳಬಾರದು, ಸಭೆ ಇನ್ನೂ ಶುರುವಾಗಿಲ್ಲ.

ಮೊದಲು ಸಲಹೆಗಾರ ಸಂಸ್ಥೆಯ ಹುಡುಗ ಪವರ್‌ಪಾಯಿಂಟ್ ತೋರಿಸುತ್ತಾನೆ. ಹನ್ನೊಂದು ಗಂಟೆಯ ಬಿಸಿಲಿಗೆ ಪರದೆಯ ಮೇಲೆ ಏನೂ ಕಾಣುವುದಿಲ್ಲ. ಆದರೂ ಅವನು ಲೇಸರ್ ಲೈಟ್ ಬಿಟ್ಟು, 'ಇಲ್ಲಿ ನೋಡಬಹುದು' ಅನ್ನುತ್ತಾನೆ. ಡೆಸಿಬೆಲ್ ಹೇಳುತ್ತಾನೆ, ಪಿಎಂ 10 ಹೇಳುತ್ತಾನೆ. ಕಾರ್ಖಾನೆಯ ಜಾಗದಲ್ಲಿ ಶೇಕಡಾ 33ರಷ್ಟು ಹಸಿರು ಪಟ್ಟಿ ಬೆಳೆಸುತ್ತೇವೆ ಅನ್ನುತ್ತಾನೆ. ಈಗ ಅಲ್ಲಿ ನೂರಕ್ಕೆ ನೂರು ಹಸಿರೇ ಇದೆ. ಆದರೆ ಅದಕ್ಕೆ ಪಟ್ಟಿಯ ಶಿಸ್ತು ಇಲ್ಲ.

ಆಮೇಲೆ ಜನರ ಸರದಿ. ಬಸ್ಸಿನಲ್ಲಿ ಬಂದವರು ಜೇಬಿನಿಂದ ಚೀಟಿ ತೆಗೆದು, 'ಈ ಯೋಜನೆಯಿಂದ ನಮ್ಮ ಭಾಗದ ಸರ್ವತೋಮುಖ ಅಭಿವೃದ್ಧಿ ಆಗುತ್ತದೆ' ಅಂತ ಓದುತ್ತಾರೆ. ಎಲ್ಲರ ಚೀಟಿಯಲ್ಲೂ ಅದೇ ಸಾಲು, ಅದೇ ಕಾಗುಣಿತ ತಪ್ಪು. ಒಬ್ಬ ಓದಿ ಮುಗಿಸಿ, 'ಇದು ಯಾವ ಊರು ಅಂದ್ರಿ?' ಅಂತ ಪಕ್ಕದವನನ್ನು ಕೇಳುತ್ತಾನೆ. ಮೈಕ್ ಇನ್ನೂ ಆನ್ ಇರುತ್ತದೆ.

ಹಿಂದಿನಿಂದ ಒಬ್ಬ ಅಜ್ಜಿ ಬರುತ್ತಾರೆ. ಮೈಕ್ ಅವರ ಎತ್ತರಕ್ಕೆ ಇಳಿಯುವುದಿಲ್ಲ, ಯಾರೋ ಬಗ್ಗಿಸಿ ಹಿಡಿಯುತ್ತಾರೆ.

'ಸಾಹೇಬ್ರೆ, ನಮ್ಮನೆ ಬಾವಿ ನೀರು ಮೇ ತಿಂಗಳಲ್ಲೂ ಹೋಗಲ್ಲ. ನೀವು ಗುಡ್ಡದ ಬುಡದಲ್ಲಿ ಬಾಂಬ್ ಇಟ್ಟರೆ ಅದು ಉಳಿಯುತ್ತಾ?'

'ಅಜ್ಜಿ, ಎಲ್ಲ ವೈಜ್ಞಾನಿಕವಾಗಿ ಮಾಡ್ತಾರೆ.'

'ಉಳಿಯುತ್ತಾ ಅಂತ ಕೇಳಿದ್ದು.'

'ನಿಮ್ಮ ಅನಿಸಿಕೆ ಬರ್ಕೊಂಡಿದೀವಿ. ಎರಡೇ ನಿಮಿಷ, ಬೇರೆಯವರಿಗೂ ಅವಕಾಶ ಕೊಡಿ.'

ಸಭೆಯ ನಡಾವಳಿ ಬಂದಾಗ ಅಜ್ಜಿ ಒಂದು ಕೋಷ್ಟಕದ ಒಳಗೆ ಇರುತ್ತಾರೆ. ಎಡಗಡೆ: 'ಸ್ಥಳೀಯರೊಬ್ಬರು ಅಂತರ್ಜಲದ ಬಗ್ಗೆ ಪ್ರಸ್ತಾಪಿಸಿದರು.' ಬಲಗಡೆ: 'ಗಮನಿಸಲಾಗಿದೆ. ಮಳೆನೀರು ಕೊಯ್ಲು ಅಳವಡಿಸಲಾಗುವುದು.' ಅಷ್ಟೇ. ಆ ಬಾವಿ, ಆ ಮೇ ತಿಂಗಳು, 'ಉಳಿಯುತ್ತಾ' ಅನ್ನುವ ಪ್ರಶ್ನೆ, ಯಾವುದೂ ಕೋಷ್ಟಕದಲ್ಲಿ ಹಿಡಿಯುವುದಿಲ್ಲ. ಕೆಲಸ ಕೊಡ್ತೀರಾ ಅಂತ ಕೇಳಿದ ಹುಡುಗನಿಗೆ, 'ಅರ್ಹತೆಗೆ ಅನುಗುಣವಾಗಿ ಸ್ಥಳೀಯರಿಗೆ ಆದ್ಯತೆ' ಅಂತ ಉತ್ತರ ಇರುತ್ತದೆ. ಅದರ ಅರ್ಥ ಗೇಟಿನ ಹತ್ತಿರ ವಾಚ್‌ಮನ್ ಕೆಲಸ ಅಂತ ಅವನಿಗೂ ಗೊತ್ತು, ಉತ್ತರ ಬರೆದವರಿಗೂ ಗೊತ್ತು.

ಶರಾವತಿಗೆ ಬನ್ನಿ. ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ ಪಂಪ್ಡ್ ಸ್ಟೋರೇಜ್ ಯೋಜನೆ. ಕರೆಂಟಿಗೆ ಬೇಡಿಕೆ ಕಡಿಮೆ ಇರುವಾಗ ಕೆಳಗಿನ ನೀರನ್ನು ಮೇಲಕ್ಕೆ ಎತ್ತುವುದು, ಬೇಡಿಕೆ ಇರುವಾಗ ಅದನ್ನೇ ಕೆಳಕ್ಕೆ ಬಿಡುವುದು. 2000 ಮೆಗಾವಾಟ್ ಪಡೆಯಲು 2500 ಮೆಗಾವಾಟ್ ಹಾಕಿ ನೀರೆತ್ತಬೇಕು. ಬಿಸಿಲು, ಗಾಳಿಯಿಂದ ಬರುವ ಕರೆಂಟನ್ನು ಹಿಡಿದಿಡಲು ಇಂಥದ್ದು ಬೇಕಾಗುತ್ತದೆ ಅಂತ ಇಂಜಿನಿಯರುಗಳು ಹೇಳುತ್ತಾರೆ. ಅದರಲ್ಲಿ ಅರ್ಥ ಇಲ್ಲದಿಲ್ಲ. ಆದರೆ ಸುರಂಗ ಕೊರೆಯುವುದು ಸಿಂಗಳೀಕಗಳ ಅಭಯಾರಣ್ಯದ ಕೆಳಗೆ. 'ಅಭಯ' ಕೊಟ್ಟವರೂ ಸರ್ಕಾರವೇ, ಸುರಂಗ ಕೊಡುವವರೂ ಸರ್ಕಾರವೇ, ಇದರಿಂದ ಪರಿಸರಕ್ಕೆ ಏನಾಗುತ್ತದೆ ಅಂತ ವರದಿ ಬರೆಸಿದವರೂ ಸರ್ಕಾರದ ನಿಗಮವೇ. ಹೊರಗಿನವರು ಅಂದರೆ ಅಲ್ಲಿ ಬದುಕುತ್ತಿರುವವರು ಮಾತ್ರ.

2025ರ ಸೆಪ್ಟೆಂಬರ್‌ನಲ್ಲಿ ಕಾರ್ಗಲ್‌ನಲ್ಲೂ ಗೇರುಸೊಪ್ಪೆಯ ಕಡೆಯಲ್ಲೂ ಅಹವಾಲು ಸಭೆ ನಡೆಯಿತು. ಕೆಲಸ ಯಾವ ಗುತ್ತಿಗೆದಾರರಿಗೆ ಅನ್ನುವುದು ಅದಕ್ಕೂ ಮೊದಲೇ ಗೊತ್ತಾಗಿತ್ತು. ಮೈಕ್ ಹಿಡಿದವರಲ್ಲಿ ಹೆಚ್ಚಿನವರು ಬೇಡ ಅಂದರು. ಹಾಗೆ ಅಂದವರು ಯಾರೆಂದರೆ, ಲಿಂಗನಮಕ್ಕಿಗೆ ಊರು ಮನೆ ಕೊಟ್ಟು ಬಂದವರ ಮಕ್ಕಳು, ಮೊಮ್ಮಕ್ಕಳು. ಆ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅವತ್ತು ಮುಳುಗಿದ ಜಮೀನಿಗೆ ಬದಲಾಗಿ ಕೊಟ್ಟ ಜಾಗದ ಹಕ್ಕುಪತ್ರಕ್ಕೆ ಎಷ್ಟೋ ಮನೆಯವರು ಇನ್ನೂ ಅಲೆಯುತ್ತಲೇ ಇದ್ದಾರೆ. ಹಳೆಯ ಯೋಜನೆಯ ಅಹವಾಲೇ ಬಾಕಿ ಇರುವವರ ಹತ್ತಿರ ಹೊಸ ಯೋಜನೆಯ ಅಹವಾಲು ಕೇಳಲು ಹೋಗುವುದಕ್ಕೆ ನಿಜವಾಗಿಯೂ ಧೈರ್ಯ ಬೇಕು. ಆ ಧೈರ್ಯ ನಮ್ಮ ಆಡಳಿತಕ್ಕಿದೆ.

ಮಲೆನಾಡಿನವರು ಬಡಬಡಿಸುತ್ತಾರೆ, ಬೆಂಗಳೂರಿನವರು ಹಾಗಲ್ಲ, ಇಮೇಲ್ ಮಾಡುತ್ತಾರೆ. 2016ರಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಉಕ್ಕಿನ ಸೇತುವೆ ಕಟ್ಟುವ ಯೋಚನೆ ಬಂದಿತ್ತು, ನೆನಪಿದೆಯಾ? ಖರ್ಚು 1,791 ಕೋಟಿ, ಉರುಳಬೇಕಿದ್ದ ಮರ 812. ಸಾರ್ವಜನಿಕರ ಅಭಿಪ್ರಾಯ ಕೇಳಿದರು. ಕೋಟಿ ಜನರ ನಗರದಿಂದ ಬಂದದ್ದು 300ರ ಆಸುಪಾಸು ಉತ್ತರ. ಅದರಲ್ಲಿ ಶೇಕಡಾ 73 ಮಂದಿ ಸೇತುವೆ ಬೇಕು ಅಂದಿದ್ದಾರೆ, ಜನರ ಬೆಂಬಲ ಇದೆ ಅಂತ ಘೋಷಣೆಯೂ ಆಯಿತು. ಆ ಬೆಂಬಲದ ಸುದ್ದಿ ಕೇಳಿದ ಜನ ಅಕ್ಟೋಬರ್ 16ರಂದು ಸಾವಿರಾರು ಸಂಖ್ಯೆಯಲ್ಲಿ ರಸ್ತೆಗೆ ಬಂದು ಕೈ ಕೈ ಹಿಡಿದು ನಿಂತರು, 'ಬೇಡ' ಅಂತ ಬೋರ್ಡು ಹಿಡಿದು. 2017ರ ಮಾರ್ಚ್‌ನಲ್ಲಿ ಯೋಜನೆ ಕೈಬಿಟ್ಟರು. ಇಂಥ ಪ್ರಸಂಗಗಳು ಬಹಳ ಅಪರೂಪ, ಅಧಿಕಾರಿಗಳು ಎದೆಗುಂದಬಾರದು.

ಪೆರಿಫೆರಲ್ ರಿಂಗ್ ರೋಡ್ ಕಥೆ ಇದಕ್ಕಿಂತ ಸೊಗಸು. ಕಡಿಯುವ ಮರ ಎಷ್ಟು ಅಂದರೆ ಮೊದಲು ಸಿಕ್ಕ ಲೆಕ್ಕ 200. ಆಮೇಲೆ ಅದು 16,785 ಆಯಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, 2020ರ ಮಾರ್ಚ್‌ನಲ್ಲಿ ನ್ಯಾಯಾಲಯ ಅಧ್ಯಯನವನ್ನು ಹೊಸದಾಗಿ ಮಾಡಿ ಅಂದಿತು. ಹೊಸ ವರದಿಯಲ್ಲಿ ಮರಗಳು 33,838. ಪ್ರತಿ ಸಲ ಎಣಿಸಿದಾಗಲೂ ಮರಗಳು ಹೆಚ್ಚಾಗುತ್ತವೆ! ನನ್ನ ಸಲಹೆ ಇಷ್ಟೇ: ವನಮಹೋತ್ಸವಕ್ಕೆ ಸುರಿಯುವ ದುಡ್ಡನ್ನು ಉಳಿಸಿ, ರಾಜ್ಯದ ತುಂಬ ರಿಂಗ್ ರೋಡ್ ಘೋಷಿಸಿ, ವರ್ಷಕ್ಕೊಮ್ಮೆ ಮರ ಎಣಿಸುತ್ತಾ ಹೋಗಿ.

ಈಗಿನ ಸುರಂಗ ರಸ್ತೆಗೆ ಇಷ್ಟು ಕಷ್ಟವೂ ಇಲ್ಲ. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ 16.75 ಕಿಲೋಮೀಟರ್ ನೆಲದಡಿ ಕೊರೆಯುವುದಕ್ಕೆ ಪರಿಸರ ಪರಿಣಾಮದ ಅಧ್ಯಯನವೇ ಬೇಕಿಲ್ಲ ಅನ್ನುವುದು ಸರ್ಕಾರದ ವಾದ. ಅಧ್ಯಯನ ಇಲ್ಲ ಅಂದಮೇಲೆ ಅಹವಾಲೂ ಇಲ್ಲ. ಈ ಯೋಜನೆಯ ವಿವರವಾದ ವರದಿಯಲ್ಲಿ ಮಾಲೆಗಾಂವ್, ನಾಸಿಕ್ ಹೆಸರುಗಳು ಕಾಣಿಸಿಕೊಂಡು, ಬರೆದುಕೊಟ್ಟ ಸಂಸ್ಥೆಗೆ 5 ಲಕ್ಷ ರೂಪಾಯಿ ದಂಡ ಹಾಕಿದ್ದರು. ದಂಡ ಹಾಕಿದ್ದು ಅನ್ಯಾಯ ಅನ್ನುತ್ತೇನೆ. ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡವರಿಗೆ ನಾಸಿಕ್ ಹತ್ತಿರ ಅನ್ನಿಸುವುದು ಸಹಜ ಅಲ್ವಾ? ಇದೇನೂ ಹೊಸದಲ್ಲ. ಹಿಂದೆ ರತ್ನಗಿರಿಯ ಬಾಕ್ಸೈಟ್ ಗಣಿಯೊಂದರ ಪರಿಸರ ವರದಿಯಲ್ಲಿ ರಷ್ಯಾದ ಗಣಿ ವರದಿಯ ಪುಟಗಳು ಹಾಗೆ ಹಾಗೇ ಬಂದು ಕೂತಿದ್ದವು. ಕೊಂಕಣದ ಬಿಸಿಲಲ್ಲಿ ಹಿಮದ ನಾಡಿನ ಸ್ಪ್ರೂಸ್ ಮರಗಳು. ಅಹವಾಲು ಸಭೆಗೆ ರಷ್ಯಾದವರನ್ನು ಕರೆಯಲಿಲ್ಲ ಅನ್ನುವುದೊಂದೇ ನನ್ನ ಆಕ್ಷೇಪ.

ಜನರಿಗೆ ಸಿಟ್ಟು ಬಂದರೆ? ಅದಕ್ಕೂ ಅಧಿಸೂಚನೆಯಲ್ಲಿ ದಾರಿ ಇದೆ. ಸ್ಥಳೀಯ ಪರಿಸ್ಥಿತಿಯಿಂದಾಗಿ ಜನ ಮುಕ್ತವಾಗಿ ಅಭಿಪ್ರಾಯ ಹೇಳುವಂತೆ ಸಭೆ ನಡೆಸಲು ಆಗುವುದಿಲ್ಲ ಅಂತ ವರದಿ ಹೋದರೆ, ಸಭೆಯನ್ನೇ ಕೈಬಿಡಬಹುದು. ಬಾಯಿ ಬಿಡುವ ವಾತಾವರಣ ಇಲ್ಲ, ಆದ್ದರಿಂದ ಬಾಯಿ ಬಿಡುವ ತೊಂದರೆಯೂ ಬೇಡ. ಅಣು ಖನಿಜ ಮತ್ತು ನಿರ್ಣಾಯಕ ಖನಿಜಗಳ ಗಣಿಗಾರಿಕೆಗೆ ಸಾರ್ವಜನಿಕ ಸಮಾಲೋಚನೆಯೇ ಬೇಡ ಅಂತ ಕೇಂದ್ರ ಪರಿಸರ ಸಚಿವಾಲಯ 2025ರ ಸೆಪ್ಟೆಂಬರ್‌ನಲ್ಲಿ ಹೇಳಿಬಿಟ್ಟಿದೆ. ಖನಿಜ ದೇಶಕ್ಕೆ ಎಷ್ಟು ಮುಖ್ಯವೋ, ಅದರ ಮೇಲೆ ಕೂತವರು ಅಷ್ಟು ಅಮುಖ್ಯ.

2020ರಲ್ಲಿ ಒಂದು ಮಜಾ ನಡೆಯಿತು. ಅಹವಾಲಿನ ನೋಟಿಸ್ 30 ದಿನದಿಂದ 20 ದಿನಕ್ಕೆ ಇಳಿಸುವ ಕರಡು ಅಧಿಸೂಚನೆ ಬಂತು. ಈ ಕರಡಿನ ಬಗ್ಗೆ ಜನರ ಅಭಿಪ್ರಾಯ ಕೇಳಿದ್ದು ಲಾಕ್‌ಡೌನ್ ಹೊತ್ತಿನಲ್ಲಿ, ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ದೆಹಲಿ ಹೈಕೋರ್ಟ್ ಜೂನ್ 30ರಂದು, ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲೂ ಕೊಡಿ ಅಂದಿತು. ನಮ್ಮ ಹೈಕೋರ್ಟ್ ಆಗಸ್ಟ್‌ನಲ್ಲಿ, ಅಂತಿಮ ಅಧಿಸೂಚನೆ ಸದ್ಯಕ್ಕೆ ಹೊರಡಿಸಬೇಡಿ ಅಂದಿತು. ಅಷ್ಟರಲ್ಲಿ ಲಕ್ಷಾಂತರ ಜನ ಆಕ್ಷೇಪಣೆ ಕಳಿಸಿದ್ದರು. ಬೀಗ ಹಾಕಿಕೊಂಡು ಮನೆಯಲ್ಲಿ ಕೂತವರಿಗೆ ಬೇರೆ ಏನು ಕೆಲಸ ಅಂತ ದೆಹಲಿಯವರು ಮೊದಲೇ ಯೋಚಿಸಬೇಕಿತ್ತು.

ಇಷ್ಟೆಲ್ಲ ಗೊತ್ತಿದ್ದೂ ಜನ ಸಭೆಗೆ ಯಾಕೆ ಹೋಗುತ್ತಾರೆ? ಹೋಗುತ್ತಾರೆ. ಕೆಲಸಕ್ಕೆ ರಜೆ ಹಾಕಿ, ಗಾಡಿ ಬಾಡಿಗೆಗೆ ಮಾಡಿಕೊಂಡು, ಹಳೆಯ ಪಹಣಿ ಪತ್ರ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಂಡು ಹೋಗುತ್ತಾರೆ. ಕ್ಯಾಮೆರಾ ಓಡುತ್ತಿರುತ್ತದೆ ಅನ್ನುವುದು ಅವರಿಗೆ ಗೊತ್ತು. ಕೋಷ್ಟಕದಲ್ಲಿ ಹಿಡಿಯದೇ ಹೋದದ್ದು ವಿಡಿಯೊದಲ್ಲಿ ಉಳಿಯುತ್ತದೆ, ಮುಂದೊಂದು ದಿನ ಕೋರ್ಟಿನಲ್ಲಿ ಬೇಕಾಗುತ್ತದೆ. ಪಾಪ, ಅಧಿಕಾರಿಗಳಿಗೆ ಇದೊಂದೇ ತಲೆನೋವು. ವಿಡಿಯೊ ಮಾಡಬೇಕು ಅಂತ ನಿಯಮದಲ್ಲಿ ಬರೆದ ಪುಣ್ಯಾತ್ಮ ಯಾರೋ, ಬಡ್ತಿ ಸಿಕ್ಕಿರಲಿಕ್ಕಿಲ್ಲ.

ಸಂಜೆ ನಾಲ್ಕಕ್ಕೆ ಸಭೆ ಮುಗಿಯುತ್ತದೆ. ಬಸ್ಸುಗಳು ಎರಡಕ್ಕೇ ಹೊರಟಿರುತ್ತವೆ, ಶಾಮಿಯಾನದವನು ಗೂಟ ಕೀಳಲು ಕಾಯುತ್ತಿರುತ್ತಾನೆ. ಸಾಹೇಬರು ಜೀಪು ಹತ್ತುವಾಗ ಆ ಅಜ್ಜಿ ಮತ್ತೆ ಅಡ್ಡ ಬರುತ್ತಾರೆ.

'ಸಾಹೇಬ್ರೆ, ಬಾವಿ ವಿಷಯ ಪೂರ್ತಿ ಆಗಲಿಲ್ಲ. ಮತ್ತೆ ಯಾವಾಗ ಬರ್ತೀರಿ?'

'ಬರ್ತೀವಿ ಅಜ್ಜಿ. ಗುದ್ದಲಿ ಪೂಜೆಗೆ.'