ಕಾಕ್‌ಪಿಟ್‌ಗೆ ಬರುವುದು ಚುಕ್ಕಿಯಲ್ಲ

ನೆಲದಿಂದ ವಿಮಾನದತ್ತ ಹಿಡಿದ ಲೇಸರ್ ಪಾಯಿಂಟರ್‌ನ ಬೆಳಕು ಒಳಗಿನವರಿಗೆ ‘ಸಣ್ಣ ಚುಕ್ಕಿ’ಯಾಗಿ ಕಾಣುತ್ತದೆ ಎಂದು ಈ ಬಗ್ಗೆ ಬಂದ ಲೇಖನವೊಂದರಲ್ಲಿದೆ. ಅದು ತಪ್ಪು. ಸಾಮಾನ್ಯ ಪಾಯಿಂಟರ್‌ನ ಕಿರಣ ಸುಮಾರು 1 ಮಿಲಿರೇಡಿಯನ್ (ಕ್ರಮಿಸಿದ ದೂರದ ಸಾವಿರದಲ್ಲಿ ಒಂದರಷ್ಟು) ಹರಡುತ್ತದೆ, 1 ಕಿ.ಮೀ. ದೂರಕ್ಕೆ ಹೋಗುವಷ್ಟರಲ್ಲಿ ಅದರ ಅಗಲ ಹೆಚ್ಚುಕಡಿಮೆ 1 ಮೀಟರ್. ಮೇಲಾಗಿ ವಿಂಡ್‌ಶೀಲ್ಡ್ ಮೇಲಿನ ಗೀರು, ದೂಳು ಆ ಬೆಳಕನ್ನು ಚದುರಿಸಿ ಇಡೀ ಗಾಜನ್ನೇ ಹಸಿರು ಪರದೆ ಮಾಡಿಬಿಡುತ್ತವೆ. ರನ್‌ವೇ ದೀಪಗಳು ಅದರ ಹಿಂದೆ ಮಾಯ.

‘ಪಾಯಿಂಟರ್‌ನ ಶಕ್ತಿ ಬರೀ 5 ಮಿಲಿವಾಟ್ ತಾನೇ’ ಅನ್ನುವವರಿಗೆ ಒಂದು ಲೆಕ್ಕ. ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ವಿಮಾನ ನಿಲ್ದಾಣದ ಸುತ್ತ ಗುರುತಿಸುವ ಲೇಸರ್‌ಮುಕ್ತ ವಲಯದ ಮಿತಿ ಚದರ ಸೆಂ.ಮೀ.ಗೆ 50 ನ್ಯಾನೊವಾಟ್. 5 ಮಿಲಿವಾಟ್ ಕಿರಣ ಅಷ್ಟು ಕ್ಷೀಣಿಸಲು ಸುಮಾರು ಮೂರೂವರೆ ಕಿ.ಮೀ. ಬೇಕು. ಅಗ್ಗದ ಪಾಯಿಂಟರ್‌ಗಳ ಲೇಬಲ್ ನಂಬುವಂತಿಲ್ಲ ಅನ್ನುವುದು ಬೇರೆ ಮಾತು. ಹಸಿರು (532 ನ್ಯಾನೊಮೀಟರ್) ಅಷ್ಟೇ ಶಕ್ತಿಯ 650 ನ್ಯಾನೊಮೀಟರ್ ಕೆಂಪಿಗಿಂತ ಕಣ್ಣಿಗೆ ಎಂಟು ಪಟ್ಟು ಪ್ರಖರ.

ಅಷ್ಟು ದೂರದಿಂದ ರೆಟಿನಾ ಸುಡುವುದು ಅಪರೂಪ. ನಿಜವಾದ ಅಪಾಯ, ಇಳಿಯುವ ಹೊತ್ತಿಗೆ ಕೆಲವು ಸೆಕೆಂಡು ಏನೂ ಕಾಣದಿರುವುದು. ಆಗ ಪೈಲಟ್ ಬೆಳಕಿನ ಮೂಲ ಹುಡುಕಬಾರದು, ಕಣ್ಣುಜ್ಜಬಾರದು. ಮುಖ ತಿರುಗಿಸಿ, ಒಳಗಿನ ದೀಪ ಹೆಚ್ಚಿಸಿ, ನಿಯಂತ್ರಣವನ್ನು ಜೊತೆ ಪೈಲಟ್‌ಗೆ ಕೊಡಬೇಕು. ಅವರಿಗೂ ಬಡಿದಿದ್ದರೆ ಇಳಿಯುವುದನ್ನು ಬಿಟ್ಟು ಮೇಲೇರುವುದೇ ಸರಿ. ಕಿರಣದ ಬಣ್ಣ, ಬಂದ ದಿಕ್ಕು, ವಿಮಾನದ ಎತ್ತರವನ್ನು ಎಟಿಸಿಗೆ (ವಾಯು ಸಂಚಾರ ನಿಯಂತ್ರಣ ಕೇಂದ್ರಕ್ಕೆ) ಕೂಡಲೇ ತಿಳಿಸಿದರೆ ಹಿಂದೆ ಬರುವ ವಿಮಾನಕ್ಕೂ ಎಚ್ಚರಿಕೆ ಹೋಗುತ್ತದೆ.